ಕಾಳುಮೆಣಸಿನಿಂದ ಪೈಪರಿನ್: ದ್ರಾವಕ ಬದಲಾದಂತೆ ಬದಲಾದ ಸಾರ

ಕಾಳುಮೆಣಸಿನ ಖಾರಕ್ಕೆ ಮುಖ್ಯ ಕಾರಣವಾದ ಪೈಪರಿನ್ ಅನ್ನು ಹರಳುಗಳಾಗಿ ಬೇರ್ಪಡಿಸುವುದು ಪದವಿ ತರಗತಿಯ ರಸಾಯನಶಾಸ್ತ್ರ ಪ್ರಯೋಗಾಲಯಗಳಲ್ಲಿ ಹಳೆಯ ಪ್ರಯೋಗ. ಸಾಮಾನ್ಯವಾಗಿ ಎಥೆನಾಲ್‌ನಲ್ಲಿ ಕುದಿಸಿ, ಕ್ಷಾರ ಸೇರಿಸಿ, ನೀರು ಹನಿಸಿ, ಮರುದಿನ ಹಳದಿ ಸೂಜಿಗಳನ್ನು ಸೋಸಿಕೊಂಡು, ಅಲ್ಲಿಗೆ ಪ್ರಯೋಗ ಮುಗಿಯಿತೆನ್ನುತ್ತೇವೆ. ಈ ಬಾರಿ ನಾನು ತಿಳಿಯಬೇಕೆಂದುಕೊಂಡದ್ದು ಬೇರೆ: ಒಂದೇ ಮೂಟೆಯ ಮೆಣಸನ್ನು, ಒಂದೇ ತೂಕದಲ್ಲಿ, ಒಂದೇ ಉಪಕರಣದಲ್ಲಿ, ದ್ರಾವಕವನ್ನು ಮಾತ್ರ ಬದಲಿಸುತ್ತ ಸಾರ ತೆಗೆದರೆ, ಕೈಗೆ ಬರುವ ಸಾರದಲ್ಲಿ ಪೈಪರಿನ್ ಎಷ್ಟು ಪಾಲು, ಕಸ ಎಷ್ಟು ಪಾಲು? ಅದರ ಜೋಡಣೆ, ನಡೆಸಿದ ಕ್ರಮ ಮತ್ತು ಸಿಕ್ಕ ಅಂಕಿಗಳನ್ನು ಇಲ್ಲಿ ದಾಖಲಿಸಿದ್ದೇನೆ.

ಮೊದಲು ಕಾಳಿನೊಳಗೆ ಏನಿದೆ ಎಂಬುದನ್ನು ನೋಡಬೇಕು, ಏಕೆಂದರೆ ದ್ರಾವಕದ ಆಯ್ಕೆಯೆಲ್ಲ ಅದರ ಮೇಲೆ ನಿಂತಿದೆ. ಒಣಗಿದ ಕರಿಮೆಣಸಿನಲ್ಲಿ ಅತಿ ಹೆಚ್ಚು ಇರುವುದು ಪಿಷ್ಟ. ಅದರ ಜೊತೆಗೆ ನಾರು, ಪ್ರೋಟೀನ್, ಸುವಾಸನೆ ಕೊಡುವ ಬಾಷ್ಪಶೀಲ ತೈಲ ಸುಮಾರು ಶೇ. 2ರಿಂದ 4, ಆವಿಯಾಗದ ಕೊಬ್ಬಿನೆಣ್ಣೆ, ರಾಳ, ಸಿಪ್ಪೆಯ ಕಪ್ಪು ಬಣ್ಣಕ್ಕೆ ಕಾರಣವಾದ ಫೀನಾಲಿಕ್ ವಸ್ತುಗಳು, ಒಂದಿಷ್ಟು ಸಕ್ಕರೆ, ಮತ್ತು ತಳಿಯನ್ನೂ ಕೊಯ್ಲಿನ ಹಂತವನ್ನೂ ಅವಲಂಬಿಸಿ ಕೆಲವು ಶೇಕಡಾದಷ್ಟು ಪೈಪರಿನ್ ಇರುತ್ತವೆ. ಇದನ್ನು ಮೊದಲು ಬೇರ್ಪಡಿಸಿದವನು 1819ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್. ಮರುವರ್ಷ ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ನಂಟನ್ನು ತೋರಿಸಿ ಅವನು ಭೌತಶಾಸ್ತ್ರದ ಪುಸ್ತಕಗಳಿಗೆ ಹೊರಟುಹೋದುದರಿಂದ ಮೆಣಸಿನ ಕೆಲಸ ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಪೈಪರಿನ್ ಅನ್ನು ಆಲ್ಕಲಾಯ್ಡ್ (ಸಸ್ಯಗಳಲ್ಲಿ ಸಿಗುವ, ಸಾಮಾನ್ಯವಾಗಿ ಕ್ಷಾರ ಗುಣದ, ಸಾರಜನಕವಿರುವ ವಸ್ತು) ಎಂದು ಕರೆಯುವುದರಿಂದ ವಿದ್ಯಾರ್ಥಿಗಳು ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ: ಉಳಿದ ಆಲ್ಕಲಾಯ್ಡ್‌ಗಳಂತೆ ಇದನ್ನೂ ದುರ್ಬಲ ಆಮ್ಲದ ನೀರಿಗೆ ಇಳಿಸಿ, ಕ್ಷಾರ ಹಾಕಿ ಹೊರತೆಗೆಯಬಾರದೇಕೆ? ಪೈಪರಿನ್‌ನ ಸಾರಜನಕ ಅಮೈಡ್ ಬಂಧದಲ್ಲಿ ಸಿಕ್ಕಿಕೊಂಡಿರುವುದರಿಂದ ಅದಕ್ಕೆ ಪ್ರತ್ಯಾಮ್ಲದ ಗುಣ ಇಲ್ಲವೆನ್ನುವಷ್ಟು ಕಡಿಮೆ. ಸಾರರಿಕ್ತ ಆಮ್ಲದಲ್ಲಿ ಅದು ಲವಣವಾಗಿ ಕರಗುವುದಿಲ್ಲ. ಆಮ್ಲ-ಕ್ಷಾರದ ಸುಲಭ ದಾರಿ ಹೀಗೆ ಮುಚ್ಚಿಹೋಗುವುದರಿಂದ ಇಲ್ಲಿ ಶುದ್ಧತೆಯ ಹೊರೆಯೆಲ್ಲ ದ್ರಾವಕದ ಮೇಲೆಯೇ ಬೀಳುತ್ತದೆ. ಹೋಲಿಕೆಗೆ ಮೆಣಸನ್ನು ಆರಿಸಿಕೊಳ್ಳಲು ಅದೂ ಒಂದು ಕಾರಣ.

ಕಾಳು ಮತ್ತು ಪುಡಿ

ಮಲೆನಾಡಿನ ಅಡಿಕೆ ತೋಟವೊಂದರಿಂದ ಬಂದ ಪಣಿಯೂರು-1 ತಳಿಯ ಮೆಣಸನ್ನು ಬಳಸಿದೆ. ತೂರಿದಾಗ ಹಾರಿಹೋಗುವ ಜೊಳ್ಳು ಕಾಳನ್ನು ಬೇರೆ ಇಟ್ಟು, ಗಟ್ಟಿ ಕಾಳನ್ನೇ ತೆಗೆದುಕೊಂಡೆ. ಪೇಟೆಯಲ್ಲಿ ಜೊಳ್ಳಿಗೆ ಬೆಲೆ ಕಡಿಮೆಯಾದರೂ ಓಲಿಯೋರೆಸಿನ್ (ಎಣ್ಣೆ ಮತ್ತು ರಾಳ ಕೂಡಿದ ಮಸಾಲೆಯ ಸಾರ) ತಯಾರಕರು ಅದನ್ನೇ ಹುಡುಕಿ ಕೊಳ್ಳುವುದಕ್ಕೆ ಕಾರಣವಿದೆ: ಬಲಿಯುವ ಮೊದಲೇ ಕಿತ್ತ ಕಾಳಿನಲ್ಲಿ ಪಿಷ್ಟ ಇನ್ನೂ ತುಂಬಿರುವುದಿಲ್ಲ, ಆದ್ದರಿಂದ ತೂಕಕ್ಕೆ ಹೋಲಿಸಿದರೆ ಎಣ್ಣೆ ಮತ್ತು ಪೈಪರಿನ್ ಎರಡೂ ಹೆಚ್ಚಾಗಿರುತ್ತವೆ. ಆದರೆ ಜೊಳ್ಳು ಕಾಳಿನ ಗುಣ ಹಿಡಿಯಿಂದ ಹಿಡಿಗೆ ಬದಲಾಗುವುದರಿಂದ ಹೋಲಿಕೆಯ ಕೆಲಸಕ್ಕೆ ಅದು ಸರಿಬರಲಿಲ್ಲ.

ಕಾಳನ್ನು 50 ಡಿಗ್ರಿ ಸೆಲ್ಸಿಯಸ್‌ನ ಒಲೆಯಲ್ಲಿ ಒಣಗಿಸಿ, ಮಿಕ್ಸರ್‌ನಲ್ಲಿ ತಡೆತಡೆದು ಪುಡಿ ಮಾಡಿದೆ. ಒಂದೇ ಸಮನೆ ತಿರುಗಿಸಿದರೆ ಜಾರು ಬಿಸಿಯಾಗಿ ಸುವಾಸನೆಯ ಎಣ್ಣೆ ಅಲ್ಲಿಯೇ ಹಾರಿಹೋಗುತ್ತದೆ. ಪುಡಿ ಚಿರೋಟಿ ರವೆಯಷ್ಟು ನಯವಾಗಿದ್ದರೆ ಸಾಕು. ಅದಕ್ಕಿಂತ ಸಣ್ಣದಾದರೆ ಸಾರ ತೆಗೆಯುವ ಸಾಕ್ಸ್‌ಲೆಟ್ ಉಪಕರಣದ ಥಿಂಬಲ್‌ನಲ್ಲಿ (ಪುಡಿ ತುಂಬುವ ಕಾಗದದ ಕೊಳವೆಯಲ್ಲಿ) ಒತ್ತಾಗಿ ಕೂತು, ದ್ರಾವಕ ನಡುವೆ ಒಂದೆರಡು ಕಡೆ ದಾರಿ ಮಾಡಿಕೊಂಡು ಇಳಿದುಹೋಗುತ್ತದೆ, ಸುತ್ತಲಿನ ಪುಡಿ ಹಾಗೆಯೇ ಉಳಿಯುತ್ತದೆ. ಪುಡಿಯನ್ನು ಚೆನ್ನಾಗಿ ಬೆರೆಸಿ 25 ಗ್ರಾಂ ಪೊಟ್ಟಣಗಳಾಗಿ ತೂಗಿ, ಮುಚ್ಚಳವಿರುವ ಗಾಜಿನ ಬಾಟಲಿಗಳಲ್ಲಿಟ್ಟೆ.

ಸಾಕ್ಸ್‌ಲೆಟ್ ಜೋಡಣೆ

ಜರ್ಮನಿಯ ಫ್ರಾನ್ಸ್ ಫಾನ್ ಸಾಕ್ಸ್‌ಲೆಟ್ 1879ರಲ್ಲಿ ಹಾಲಿನ ಕೊಬ್ಬನ್ನು ಅಳೆಯಲೆಂದು ರೂಪಿಸಿದ ಈ ಉಪಕರಣ ಇಂದಿಗೂ ಹೆಚ್ಚು ಬದಲಾಗದೆ ಉಳಿದಿದೆ. ಕೆಳಗಿನ ಫ್ಲಾಸ್ಕಿನಲ್ಲಿ ಕುದಿಯುವ ದ್ರಾವಕದ ಆವಿ ಪಕ್ಕದ ಕೊಳವೆಯಿಂದ ಮೇಲೇರಿ, ಕಂಡೆನ್ಸರ್‌ನಲ್ಲಿ ತಣಿದು, ಪುಡಿ ತುಂಬಿದ ಥಿಂಬಲ್ ಮೇಲೆ ಹನಿಯುತ್ತದೆ. ಕೋಣೆ ತುಂಬಿದೊಡನೆ ಸೈಫನ್ ತಾನೇ ತಾನಾಗಿ ಅದನ್ನೆಲ್ಲ ಕೆಳಗೆ ಎಳೆದುಕೊಳ್ಳುತ್ತದೆ. ಹೀಗೆ ಪುಡಿಗೆ ಪ್ರತಿ ಸುತ್ತಿನಲ್ಲೂ ಸಿಗುವುದು ಆಗಷ್ಟೇ ಬಟ್ಟಿಯಿಳಿದ ಹೊಸ ದ್ರಾವಕ.

ನಮ್ಮಲ್ಲಿದ್ದ ಜೋಡಣೆಯ ದುರ್ಬಲ ಭಾಗ ಕಂಡೆನ್ಸರ್‌ನ ನೀರು. ಬೇಸಿಗೆಯಲ್ಲಿ ಮೇಲಿನ ಟ್ಯಾಂಕಿನಿಂದ ಬರುವ ನೀರು ಮುಟ್ಟಿದರೆ ಬೆಚ್ಚಗಿರುತ್ತದೆ. 56 ಡಿಗ್ರಿಗೆ ಕುದಿಯುವ ಅಸಿಟೋನ್ ಅದಕ್ಕೆ ಪೂರ್ತಿ ತಣಿಯದೆ ಮೇಲಿನ ಬಾಯಿಂದ ಹೊರಹೋಗುತ್ತದೆ. ಏರ್ ಕೂಲರ್‌ಗೆ ಹಾಕುವ ಸಣ್ಣ ಸಬ್‌ಮರ್ಸಿಬಲ್ ಪಂಪನ್ನು ದೊಡ್ಡ ಬಕೆಟ್ಟಿನಲ್ಲಿಟ್ಟು, ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗಳನ್ನು ಅದರಲ್ಲಿ ಮುಳುಗಿಸಿ, ನೀರು ಕಂಡೆನ್ಸರ್‌ನ ಕೆಳಬಾಯಿಯಿಂದ ಹೊಕ್ಕು ಮೇಲ್ಬಾಯಿಯಿಂದ ಬಕೆಟ್ಟಿಗೇ ಮರಳುವಂತೆ ಪೈಪು ಜೋಡಿಸಿದೆ. ಪಂಪಿನ ಪ್ಲಗ್ ಮತ್ತು ಸ್ವಿಚ್ಚು ಫ್ಯೂಮ್ ಹುಡ್‌ನ (ಆವಿಯನ್ನು ಹೊರಗೆಳೆಯುವ ಗೂಡಿನ) ಹೊರಗೆ, ದ್ರಾವಕದ ಆವಿ ತಲುಪದ ಕಡೆ ಇರಬೇಕು. ಹೆಕ್ಸೇನ್ ಮತ್ತು ಅಸಿಟೋನ್‌ಗಳ ಆವಿ ಗಾಳಿಗಿಂತ ಭಾರವಾದುದರಿಂದ ಮೇಜಿನ ಮೇಲೆ ಹರಿದುಹೋಗಿ ದೂರದ ಕಿಡಿಯನ್ನೂ ಹುಡುಕಿಕೊಳ್ಳಬಲ್ಲದು. ಬನ್ಸನ್ ಬರ್ನರ್‌ಗೆ ಈ ಕೆಲಸದಲ್ಲಿ ಜಾಗವಿಲ್ಲ, ಹೀಟಿಂಗ್ ಮ್ಯಾಂಟಲ್ ಮಾತ್ರ. ಇದನ್ನು ಅಡುಗೆಮನೆಯಲ್ಲಿ ಮಾಡಿ ನೋಡಬೇಕೆಂದು ಯಾರಿಗಾದರೂ ಅನ್ನಿಸಿದರೆ, ದಯವಿಟ್ಟು ಮಾಡಬೇಡಿ.

ಥಿಂಬಲ್‌ಗಳನ್ನು ದಪ್ಪ ಫಿಲ್ಟರ್ ಪೇಪರನ್ನು ಬಾಯ್ಲಿಂಗ್ ಟ್ಯೂಬಿಗೆ ಸುತ್ತಿ, ತಳವನ್ನು ಮಡಿಸಿ, ಹತ್ತಿಯ ದಾರದಿಂದ ಕಟ್ಟಿ ಮಾಡಿಕೊಂಡೆ. ದಾರಕ್ಕೆ ಹಚ್ಚಿರುವ ಗಂಜಿ ಮತ್ತು ಮೇಣವೂ ಸಾರಕ್ಕೆ ಸೇರುತ್ತದೆಯಾದ್ದರಿಂದ ಖಾಲಿ ಥಿಂಬಲ್‌ಗಳನ್ನು ಅಸಿಟೋನ್‌ನಲ್ಲಿ ಒಂದೆರಡು ಸುತ್ತು ಓಡಿಸಿ, ಒಣಗಿಸಿ, ಆಮೇಲೆ ಪುಡಿ ತುಂಬಿದೆ.

ದ್ರಾವಕದ್ದೇ ಕೊಳೆ

ಸಾರದ ಶುದ್ಧತೆಯ ಮಾತು ಬಂದಾಗ ಎಲ್ಲರೂ ಗಿಡದಿಂದ ಬರುವ ಕಸವನ್ನು ಲೆಕ್ಕ ಹಾಕುತ್ತಾರೆ, ಬಾಟಲಿಯಿಂದ ಬರುವುದನ್ನು ಮರೆಯುತ್ತಾರೆ. ಪ್ರತಿಯೊಂದು ದ್ರಾವಕದ 100 ಮಿ.ಲೀ. ಅನ್ನು ತೂಗಿದ ಗಾಜಿನ ಬಟ್ಟಲಿನಲ್ಲಿ ನೀರಿನ ತೊಟ್ಟಿಯ ಮೇಲೆ ಆರಿಸಿ ನೋಡಿದೆ. ಎಥೆನಾಲ್, ಅಸಿಟೋನ್ ಮತ್ತು ಈಥೈಲ್ ಅಸಿಟೇಟ್‌ಗಳ ಬಟ್ಟಲುಗಳು ಶುಭ್ರವಾಗಿ ಉಳಿದವು. ಹೆಕ್ಸೇನ್‌ನ ಬಟ್ಟಲಿನ ತಳದಲ್ಲಿ ಮಾತ್ರ ಬೆಳಕಿಗೆ ಓರೆ ಹಿಡಿದಾಗ ಕಾಮನಬಿಲ್ಲಿನ ಬಣ್ಣ ತೋರುವ ತೆಳುವಾದ ಎಣ್ಣೆಯ ಪದರ ಕಂಡಿತು. ಬೆರಳಿಟ್ಟರೆ ಜಾರುತ್ತಿತ್ತು. ಅಂಗಡಿಯವರು ದೊಡ್ಡ ಡ್ರಮ್ಮಿನಿಂದ ಪ್ಲಾಸ್ಟಿಕ್ ಕ್ಯಾನಿಗೆ ಸುರಿದುಕೊಟ್ಟ ಸರಕು ಅದು. ಕ್ಯಾನಿನಿಂದ ಬಂದ ಪ್ಲಾಸ್ಟಿಸೈಜರೋ ಡ್ರಮ್ಮಿನ ಕೊಳೆಯೋ, ಏನೇ ಇರಲಿ, ಒಂದು ಸುತ್ತು ಬಟ್ಟಿಯಿಳಿಸಿ 69 ಡಿಗ್ರಿಯ ಆಸುಪಾಸಿನಲ್ಲಿ ಬಂದ ಭಾಗವನ್ನು ಮಾತ್ರ ಹಿಡಿದುಕೊಂಡ ಮೇಲೆ ಬಟ್ಟಲು ಸ್ವಚ್ಛವಾಯಿತು.

ಇದೇ ಕಾರಣಕ್ಕೆ ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ಟನ್ನು ಎಥೆನಾಲ್‌ಗೆ ಬದಲಿಯಾಗಿ ಬಳಸುವುದನ್ನು ನಾನು ಒಪ್ಪುವುದಿಲ್ಲ. ಕುಡಿಯಲು ಬಾರದಂತೆ ಮಾಡಲು ಇಲ್ಲವೇ ಚರ್ಮಕ್ಕೆ ಹಿತವಾಗಲು ಅಂಥ ಸ್ಪಿರಿಟ್‌ಗಳಿಗೆ ಮೀಥೈಲ್ ಸ್ಯಾಲಿಸಿಲೇಟ್, ಡೈಈಥೈಲ್ ಥ್ಯಾಲೇಟ್, ಹರಳೆಣ್ಣೆಯಂಥವನ್ನು ಬೆರೆಸುವುದುಂಟು. ಆಲ್ಕೊಹಾಲ್ ಆರಿದ ಮೇಲೆ ಇವು ಸಾರದಲ್ಲೇ ಉಳಿಯುತ್ತವೆ. ಶುದ್ಧ ಎಥೆನಾಲ್‌ಗೆ ಅಬಕಾರಿ ಅನುಮತಿ ಬೇಕು, ಕಾಲೇಜಿಗೆ ಅದು ಸಿಗುತ್ತದೆ. ಅನುಮತಿ ಇಲ್ಲದ ಕಡೆ ಒಳ್ಳೆಯ ದರ್ಜೆಯ ಐಸೊಪ್ರೊಪೈಲ್ ಆಲ್ಕೊಹಾಲ್ ಹೆಚ್ಚು ನಂಬಿಕೆಯ ಬದಲಿ.

ಪಠ್ಯಗಳಲ್ಲಿ ಬರುವ ಡೈಕ್ಲೋರೋಮೀಥೇನ್ ಅನ್ನು ನಾನು ಉದ್ದೇಶಪೂರ್ವಕವಾಗಿ ಕೈಬಿಟ್ಟೆ. ಅದು ಪೈಪರಿನ್ ಅನ್ನು ಬೇಗನೆ ಎಳೆಯುತ್ತದೆ ನಿಜ, ಆದರೆ 40 ಡಿಗ್ರಿಗೂ ಮೊದಲೇ ಕುದಿಯುವ, ಆರೋಗ್ಯಕ್ಕೆ ಹಾನಿಕರವಾದ ದ್ರಾವಕವನ್ನು ನಮ್ಮ ಬೇಸಿಗೆಯಲ್ಲಿ ವಿದ್ಯಾರ್ಥಿಗಳ ನಡುವೆ ಇಟ್ಟುಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ.

ಒಂದೇ ಮೆಣಸು, ನಾಲ್ಕು ಬಗೆಯ ಸಾರ

ಪ್ರತಿ ಸಲವೂ 25 ಗ್ರಾಂ ಪುಡಿಗೆ 200 ಮಿ.ಲೀ. ದ್ರಾವಕ ಹಾಕಿ, ಸೈಫನ್‌ನ ಕೊಳವೆಯಲ್ಲಿ ಇಳಿಯುವ ದ್ರವ ಬಣ್ಣ ಕಳೆದುಕೊಳ್ಳುವವರೆಗೆ ಓಡಿಸಿದೆ. ಮೊದಲ ಸುತ್ತಿನಲ್ಲಿ ಗಾಢ ಜೇನಿನ ಬಣ್ಣದಲ್ಲಿ ಇಳಿದದ್ದು ಕ್ರಮೇಣ ತಿಳಿಹಳದಿಯಾಗಿ, ಕೊನೆಗೆ ಹಿಂದಿಟ್ಟ ಬಿಳಿ ಕಾಗದದ ಎದುರಿಗೂ ಬಣ್ಣ ಗೊತ್ತಾಗದಂತಾದಾಗ ನಿಲ್ಲಿಸುವುದು. ಆಮೇಲೆ ದ್ರಾವಕವನ್ನು ರೋಟರಿ ಇವ್ಯಾಪೊರೇಟರ್‌ನಲ್ಲಿ ತೆಗೆದು, ಉಳಿದ ಸಾರವನ್ನು ತೂಕ ಸ್ಥಿರವಾಗುವವರೆಗೆ ನಿರ್ವಾತದಲ್ಲಿ ಒಣಗಿಸಿ, ಒಂದು ಚಿಟಿಕೆಯನ್ನು ಎಥೆನಾಲ್‌ನಲ್ಲಿ ಕರಗಿಸಿ, ಪೈಪರಿನ್ ಗರಿಷ್ಠವಾಗಿ ಹೀರುವ 342 ನ್ಯಾನೋಮೀಟರ್ ಆಸುಪಾಸಿನ ಬೆಳಕಿನಲ್ಲಿ, ಕೊಂಡುತಂದ ಶುದ್ಧ ಪೈಪರಿನ್‌ನ ಪಕ್ಕದಲ್ಲಿಟ್ಟು ಅಳೆದೆ.

ಎಥೆನಾಲ್ ಎಲ್ಲಕ್ಕಿಂತ ಹೆಚ್ಚು ಸಾರ ಕೊಟ್ಟಿತು: ಸುಮಾರು 3.2 ಗ್ರಾಂ, ಕಂದುಗಪ್ಪು ಬಣ್ಣ, ಅಂಟಂಟು. ಅದರಲ್ಲಿ ಪೈಪರಿನ್ ಶೇ. 39ರಷ್ಟು. ಅಸಿಟೋನ್‌ನಿಂದ 2.8 ಗ್ರಾಂ ಸಾರ, ಶೇ. 43 ಪೈಪರಿನ್. ಈಥೈಲ್ ಅಸಿಟೇಟ್‌ನಿಂದ 2.5 ಗ್ರಾಂ, ಶೇ. 47. ಮೂರರಲ್ಲೂ ಪೈಪರಿನ್‌ನ ಒಟ್ಟು ತೂಕ 1.2 ಗ್ರಾಂ ಅಕ್ಕಪಕ್ಕವೇ ಇದೆ ಎಂಬುದನ್ನು ಗಮನಿಸಬೇಕು. ಅಂದರೆ ಪೈಪರಿನ್ ಅನ್ನು ತರುವುದರಲ್ಲಿ ಈ ಮೂರಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಅದರ ಜೊತೆ ಏನೇನನ್ನು ಹೊತ್ತು ತರುತ್ತವೆ ಎಂಬುದರಲ್ಲಿ ವ್ಯತ್ಯಾಸ. ಹೆಕ್ಸೇನ್ ಬೇರೆಯೇ ಕಥೆ: 1.7 ಗ್ರಾಂ ಎಣ್ಣೆಯಂಥ ಹಸಿರುಹಳದಿ ಸಾರ, ಅದರಲ್ಲಿ ಪೈಪರಿನ್ ಶೇ. 22. ಪೈಪರಿನ್ ಹೆಕ್ಸೇನ್‌ನಲ್ಲಿ ಕರಗುವುದಿಲ್ಲವೆಂದು ಓದಿದವರಿಗೆ ಇದು ವಿಚಿತ್ರವೆನಿಸಬಹುದು. ತಣ್ಣನೆಯ ಹೆಕ್ಸೇನ್‌ನಲ್ಲಿ ಅದು ಕರಗುವುದು ತೀರ ಕಡಿಮೆ, ಆದರೆ ಸಾಕ್ಸ್‌ಲೆಟ್‌ನಲ್ಲಿ ಹನಿಯುವುದು ಬೆಚ್ಚನೆಯ ಹೆಕ್ಸೇನ್, ಅದೂ ಮತ್ತೆ ಮತ್ತೆ. ಜೊತೆಗೆ, ಕರಗಿ ಬಂದ ಎಣ್ಣೆಯೂ ಪೈಪರಿನ್‌ಗೆ ದ್ರಾವಕವಾಗಿ ಕೆಲಸ ಮಾಡುತ್ತದೆ. ಫ್ಲಾಸ್ಕ್ ತಣ್ಣಗಾದ ಮೇಲೆ ತಳದಲ್ಲಿ ಹಳದಿ ಹರಳುಗಳು ಕೂತದ್ದು ಇದಕ್ಕೆ ಸಾಕ್ಷಿ.

ನೀರು ಬೆರೆಸಿದ ಎಥೆನಾಲ್‌ನ ಮಾತನ್ನು ಬೇಗ ಮುಗಿಸುತ್ತೇನೆ. ಅರ್ಧಕ್ಕರ್ಧ ನೀರಿರುವ ಎಥೆನಾಲ್‌ನಲ್ಲಿ ಬೇರೆ ಫ್ಲಾಸ್ಕಿನಲ್ಲಿ ಕಾಯಿಸಿ ತೆಗೆದ ಸಾರ ತೂಕದಲ್ಲಿ ಎಥೆನಾಲ್‌ನದ್ದನ್ನೂ ಮೀರಿಸಿತು. ಆದರೆ ಸಕ್ಕರೆ, ಗೋಂದು ಮತ್ತು ಬಿಸಿಗೆ ಅರಳಿದ ಪಿಷ್ಟದಿಂದಾಗಿ ಸೋಸುವುದೇ ಕಷ್ಟವಾಯಿತು. ಆ ಸಾರ ಒಣಗಲೂ ಇಲ್ಲ, ಅದರಿಂದ ಹರಳು ಕೂರಲೂ ಇಲ್ಲ.

ಇವೆಲ್ಲ ಧ್ರುವೀಯತೆಯ (ಅಣುವಿನಲ್ಲಿ ವಿದ್ಯುದಾವೇಶ ಎಷ್ಟು ಅಸಮವಾಗಿ ಹಂಚಿದೆ ಎಂಬುದರ) ಲೆಕ್ಕಕ್ಕೆ ಬಹುಮಟ್ಟಿಗೆ ಹೊಂದುತ್ತವೆ. ಅದರ ಒಂದು ಅಳತೆಯಾದ ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನು ನೋಡಿದರೆ ಹೆಕ್ಸೇನ್ 2ಕ್ಕಿಂತ ತುಸು ಕಡಿಮೆ, ಈಥೈಲ್ ಅಸಿಟೇಟ್ 6, ಅಸಿಟೋನ್ 21, ಎಥೆನಾಲ್ 24ರ ಮೇಲೆ, ನೀರು 80ರ ಹತ್ತಿರ. ಎಣ್ಣೆ ಮತ್ತು ಕೊಬ್ಬು ಕೆಳತುದಿಯನ್ನು ಬಯಸುತ್ತವೆ, ಸಕ್ಕರೆ ಮತ್ತು ಫೀನಾಲಿಕ್‌ಗಳು ಮೇಲ್ತುದಿಯನ್ನು. ಪೈಪರಿನ್ ನಡುವೆ ಕೂತಿದೆ. ಆದರೆ ಈ ಒಂದು ಸಂಖ್ಯೆಯಿಂದಲೇ ಎಲ್ಲವನ್ನೂ ಹೇಳಲಾಗದು. ಅಸಿಟೋನ್ ಮತ್ತು ಎಥೆನಾಲ್‌ಗಳ ಸ್ಥಿರಾಂಕ ಹತ್ತಿರವಿದ್ದರೂ ಎಥೆನಾಲ್ ಹೆಚ್ಚು ಕಸ ತಂದಿತು, ಏಕೆಂದರೆ ಅದು ಹೈಡ್ರೋಜನ್ ಬಂಧವನ್ನು ಕೊಡಲೂ ಬಲ್ಲದು, ಪಡೆಯಲೂ ಬಲ್ಲದು. ಅಸಿಟೋನ್ ಪಡೆಯುವುದಷ್ಟೇ. ಅನೇಕ ಹೈಡ್ರಾಕ್ಸಿಲ್ ಗುಂಪುಗಳಿರುವ ಸಕ್ಕರೆಯಂಥವನ್ನು ಸಡಿಲಿಸಲು ಎಥೆನಾಲ್‌ನ ಆ ಗುಣವೇ ಸಾಕು.

ಮೊದಲು ಬೇಡವಾದುದನ್ನು ತೆಗೆಯುವುದು

ಈಥೈಲ್ ಅಸಿಟೇಟ್ ಮುಂದೆ ಇದ್ದರೂ ಶೇ. 47 ಎಂದರೆ ಅರ್ಧಕ್ಕಿಂತ ಹೆಚ್ಚು ಕಸವೇ. ಇನ್ನಷ್ಟು ಒಳ್ಳೆಯ ದ್ರಾವಕ ಹುಡುಕುವುದರಲ್ಲಿ ಅರ್ಥವಿಲ್ಲವೆಂದು ಇಲ್ಲಿಗೆ ನನಗೆ ಖಚಿತವಾಯಿತು. ಪೈಪರಿನ್‌ನ ಎರಡೂ ಬದಿಯಲ್ಲಿ ಕಸ ಇರುವಾಗ ಒಂದೇ ದ್ರಾವಕ ಎರಡೂ ಬದಿಯನ್ನು ಬಿಟ್ಟುಬರುವುದು ಸಾಧ್ಯವಿಲ್ಲ. ಹೆಕ್ಸೇನ್‌ನ ದೌರ್ಬಲ್ಯವನ್ನೇ ಕೆಲಸಕ್ಕೆ ಹಚ್ಚಬೇಕು.

25 ಗ್ರಾಂ ಪುಡಿಯನ್ನು ಮಂಜುಗಡ್ಡೆಯಲ್ಲಿ ತಣಿಸಿದ 100 ಮಿ.ಲೀ. ಹೆಕ್ಸೇನ್‌ನಲ್ಲಿ ಕಾಲು ಗಂಟೆ ಕಲಕಿ, ಸೋಸಿ, ಮತ್ತೊಮ್ಮೆ ಹಾಗೆಯೇ ಮಾಡಿದೆ. ಸೋಸಿ ಬಂದ ಹೆಕ್ಸೇನ್ ಸುವಾಸನೆಯಿಂದ ಕೂಡಿದ ಹಸಿರುಹಳದಿ ದ್ರವ. ಅದನ್ನು ಆರಿಸಿ ಅಳೆದಾಗ ಅದರೊಂದಿಗೆ ಹೋದ ಪೈಪರಿನ್ ಒಂದು ಗ್ರಾಮಿನ ಹತ್ತನೇ ಒಂದಕ್ಕಿಂತ ಕಡಿಮೆಯಿತ್ತು. ತೊಳೆದ ಪುಡಿಯನ್ನು ಫ್ಯೂಮ್ ಹುಡ್‌ನಲ್ಲಿ ತೆಳ್ಳಗೆ ಹರಡಿ ಪೂರ್ತಿ ಒಣಗಿಸುವುದು ಮುಖ್ಯ, ಏಕೆಂದರೆ ಪುಡಿಯಲ್ಲಿ ಉಳಿದ ಹೆಕ್ಸೇನ್ ಮುಂದಿನ ದ್ರಾವಕಕ್ಕೆ ಬೆರೆತು ಅದರ ಗುಣವನ್ನೇ ಬದಲಿಸುತ್ತದೆ. ಆ ಪುಡಿಯನ್ನು ಈಥೈಲ್ ಅಸಿಟೇಟ್‌ನಲ್ಲಿ ಓಡಿಸಿದಾಗ 1.75 ಗ್ರಾಂ ಸಾರ ಬಂದಿತು, ಅದರಲ್ಲಿ ಪೈಪರಿನ್ ಶೇ. 63. ರೋಟರಿಯಲ್ಲಿ ದ್ರಾವಕ ಕಡಿಮೆಯಾಗುತ್ತಿದ್ದಂತೆ ಫ್ಲಾಸ್ಕಿನ ಗೋಡೆಗೆ ಹಳದಿ ಹರಳುಗಳು ತಾವಾಗಿಯೇ ಮೂಡಿಕೊಂಡವು. ತೊಳೆಯದ ಪುಡಿಯ ಸಾರದಲ್ಲಿ ಇದು ಆಗಿರಲಿಲ್ಲ, ಅಲ್ಲಿ ಎಣ್ಣೆ ಹರಳಾಗಲು ಬಿಡುತ್ತಿರಲಿಲ್ಲ. ಹೀಗೆಯೇ ತೊಳೆದ ಪುಡಿಯನ್ನು ಎಥೆನಾಲ್‌ನಲ್ಲಿ ಓಡಿಸಿದಾಗ ಶೇ. 50 ಬಂದಿತು. ತೊಳೆಯದ ಪುಡಿಗೆ ಅತ್ಯುತ್ತಮ ದ್ರಾವಕ ಹಾಕಿದ್ದಕ್ಕಿಂತ, ತೊಳೆದ ಪುಡಿಗೆ ಎಥೆನಾಲ್ ಹಾಕಿದ್ದೇ ಮೇಲು ಎಂದಾಯಿತು.

ಎಥೆನಾಲ್ ದಾರಿಯಲ್ಲಿ ಇನ್ನೊಂದು ಅನುಕೂಲವಿದೆ. ಸಾರವನ್ನು ಆಗಷ್ಟೇ ಮಾಡಿದ, ಎಥೆನಾಲ್‌ನಲ್ಲಿ ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ 10 ಮಿ.ಲೀ.ಗೆ ಸೇರಿಸಿ ಕಲಕಿದಾಗ ಆಮ್ಲೀಯ ಗುಣದ ರಾಳ ಮತ್ತು ಟ್ಯಾನಿನ್‌ಗಳು ಪೊಟ್ಯಾಸಿಯಂ ಲವಣಗಳಾಗಿ ಕಂದು ಗಸಿಯಂತೆ ತಳಕ್ಕಿಳಿಯುತ್ತವೆ. ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು, ಮಸುಕಾಗುವವರೆಗೆ ನೀರನ್ನು ಹನಿಹನಿಯಾಗಿ ಸೇರಿಸಿ, ರಾತ್ರಿ ಕದಲಿಸದೆ ಇಟ್ಟರೆ ಪೈಪರಿನ್ ಸೂಜಿಗಳಾಗಿ ಕೂರುತ್ತದೆ. ನೀರನ್ನು ಅವಸರದಿಂದ ಸುರಿದರೆ ಹರಳಿನ ಬದಲು ಎಣ್ಣೆಯ ಹನಿಗಳು ಬೇರ್ಪಟ್ಟು, ಅವು ಕಸವನ್ನೂ ಒಳಗಿಟ್ಟುಕೊಂಡು ಗಟ್ಟಿಯಾಗುತ್ತವೆ. ಕ್ಷಾರದೊಡನೆ ಕುದಿಸಲೂ ಬಾರದು: ಬಿಸಿ ಕ್ಷಾರ ಅಮೈಡ್ ಬಂಧವನ್ನು ಮುರಿದು ಪೈಪರಿಕ್ ಆಮ್ಲದ ಲವಣವನ್ನೂ ಪಿಪರಿಡೀನನ್ನೂ ಮಾಡುತ್ತದೆ. ಪಿಪರಿಡೀನ್‌ನ ಘಾಟು ಮೂಗಿಗೆ ಬಂತೆಂದರೆ ಇಳುವರಿ ಹೋಗುತ್ತಿದೆ ಎಂದೇ ಅರ್ಥ.

ಹರಳು ಕಟ್ಟಿಸುವ ದ್ರಾವಕ

ಸಾರ ತೆಗೆಯಲು ಒಳ್ಳೆಯದಾದ ದ್ರಾವಕ ಹರಳು ಕಟ್ಟಿಸಲು ಒಳ್ಳೆಯದಾಗಬೇಕೆಂದಿಲ್ಲ. ಅಸಿಟೋನ್ ಪೈಪರಿನ್ ಅನ್ನು ತಣ್ಣಗಿದ್ದಾಗಲೂ ಸಾಕಷ್ಟು ಹಿಡಿದಿಟ್ಟುಕೊಳ್ಳುವುದರಿಂದ ಅದೊಂದರಿಂದಲೇ ಹರಳು ತೆಗೆಯಹೊರಟರೆ ಬಹುಪಾಲು ದ್ರವದಲ್ಲೇ ಉಳಿಯುತ್ತದೆ. ಅದಕ್ಕೆ ಮೂರು ಪಾಲು ಅಸಿಟೋನ್‌ಗೆ ಎರಡು ಪಾಲು ಹೆಕ್ಸೇನ್ ಬೆರೆಸಿದೆ. ಬಿಸಿಯಲ್ಲಿ ಎಲ್ಲವೂ ಕರಗಿತು, ಮಂಜುಗಡ್ಡೆಯಲ್ಲಿಟ್ಟು ಗಾಜಿನ ಕಡ್ಡಿಯಿಂದ ಒಳಗೋಡೆಯನ್ನು ಕೆರೆದಾಗ ಹರಳು ಇಳಿಯಿತು. ಈ ಬೆರಕೆಯಲ್ಲಿ ಎಣ್ಣೆಯ ಅಂಶಕ್ಕೆ ಹೆಕ್ಸೇನ್, ಬಣ್ಣದ ಅಂಶಕ್ಕೆ ಅಸಿಟೋನ್ ಇರುವುದರಿಂದ ಎರಡೂ ಬಗೆಯ ಕಸ ಮೇಲಿನ ದ್ರವದಲ್ಲೇ ಉಳಿಯುತ್ತದೆ. ಸೋಸಿದ ಹರಳನ್ನು ತಣ್ಣನೆಯ ಹೆಕ್ಸೇನ್‌ನ ಕೆಲವು ಹನಿಗಳಿಂದ ತೊಳೆದು ಒಣಗಿಸಿದಾಗ 0.7 ಗ್ರಾಂ ತಿಳಿಹಳದಿ ಪೈಪರಿನ್ ಉಳಿಯಿತು.

ಥೀಲೆ ಕೊಳವೆಯಲ್ಲಿ ಪ್ಯಾರಾಫಿನ್ ಎಣ್ಣೆ ಹಾಕಿ ಕರಗುವ ಬಿಂದು ನೋಡಿದೆ. ಶುದ್ಧ ಪೈಪರಿನ್ 130 ಡಿಗ್ರಿಯ ಹತ್ತಿರ ಕರಗುತ್ತದೆ. ಈ ಹರಳು 127ಕ್ಕೆ ಬೆವರಲು ಶುರುವಾಗಿ 129ಕ್ಕೆ ಪೂರ್ತಿ ಕರಗಿತು. ಕ್ಷಾರದ ದಾರಿಯಲ್ಲಿ ಬಂದು ಮರುಹರಳಾಗದ ಸೂಜಿಗಳು 123ರಿಂದಲೇ ಮೆತ್ತಗಾಗಿದ್ದವು. ಸಿಲಿಕಾ ತಟ್ಟೆಯ ಮೇಲೆ ಏಳು ಪಾಲು ಟಾಲ್ಯೂಯೀನ್, ಮೂರು ಪಾಲು ಈಥೈಲ್ ಅಸಿಟೇಟ್ ಏರಿಸಿ ಅತಿನೇರಳೆ ದೀಪದಡಿ ನೋಡಿದಾಗ ಎಥೆನಾಲ್‌ನ ಕಚ್ಚಾ ಸಾರ ಬುಡದಿಂದ ತುದಿಯವರೆಗೆ ಪಟ್ಟೆಯಾಗಿ ಹರಡಿತ್ತು, ಹರಳಿನದು ನೀಲಿಯಾಗಿ ಹೊಳೆಯುವ ಒಂದೇ ಮಚ್ಚೆ.

ಮೇಲೆ ಕೊಟ್ಟಿರುವ ಕಚ್ಚಾ ಸಾರದ ಶೇಕಡಾವಾರುಗಳನ್ನು ತುಸು ಎಚ್ಚರದಿಂದ ಓದಬೇಕು. ಮೆಣಸಿನಲ್ಲಿರುವ ಪೈಪರಿನ್‌ನ ನೆಂಟರಾದ ಇತರ ಅಮೈಡ್‌ಗಳೂ ಅದೇ ಬೆಳಕನ್ನು ಹೀರುವುದರಿಂದ ಈ ಅಳತೆ ಸ್ವಲ್ಪ ಮೇಲಕ್ಕೇ ತೋರಿಸುತ್ತದೆ. ದ್ರಾವಕಗಳನ್ನು ಒಂದಕ್ಕೊಂದು ಹೋಲಿಸಲು ಸಾಕು, ಆದರೆ ಮಾರಾಟದ ಚೀಟಿಗೆ ಬರೆಯಲು ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಉಪಕರಣ ಬೇಕು. ದ್ರಾವಣಗಳನ್ನು ಅಲ್ಯೂಮಿನಿಯಂ ಹಾಳೆ ಸುತ್ತಿದ ಫ್ಲಾಸ್ಕಿನಲ್ಲಿಟ್ಟು ಕೂಡಲೇ ಅಳೆಯಬೇಕು. ಬೆಳಕಿಗೆ ಬಿಟ್ಟರೆ ಪೈಪರಿನ್ ತನ್ನ ಐಸೋಮರ್‌ಗಳಾಗಿ (ಅವೇ ಪರಮಾಣುಗಳ ಬೇರೆ ಜೋಡಣೆಗಳಾಗಿ) ತಿರುಗಿ ಅಂಕಿ ಇಳಿಯುತ್ತ ಹೋಗುತ್ತದೆ.

ಕೊನೆಯದಾಗಿ ಉಳಿಯುವುದು ದ್ರಾವಕದ್ದೇ ಶೇಷ. ಹರಳಿನಿಂದ ದ್ರಾವಕ ಸುಲಭವಾಗಿ ಹೋಗುತ್ತದೆ, ಜೇನಿನಂತೆ ದಪ್ಪಗಿರುವ ಓಲಿಯೋರೆಸಿನ್‌ನಿಂದ ಹೋಗುವುದಿಲ್ಲ. ವಾಸನೆ ಬರುತ್ತಿಲ್ಲವೆಂಬುದು ಪುರಾವೆಯಾಗದು, ಏಕೆಂದರೆ ಅಮೆರಿಕದ ಆಹಾರ ನಿಯಮಗಳು ಮಸಾಲೆಯ ಓಲಿಯೋರೆಸಿನ್‌ನಲ್ಲಿ ಅಸಿಟೋನ್‌ಗೆ ಹತ್ತು ಲಕ್ಷದಲ್ಲಿ 30 ಭಾಗ, ಹೆಕ್ಸೇನ್‌ಗೆ 25 ಭಾಗದ ಮಿತಿ ಹಾಕಿವೆ. ಮೆಣಸಿನ ಘಾಟಿನ ನಡುವೆ ಅಷ್ಟನ್ನು ಮೂಗು ಹಿಡಿಯಲಾರದು. ನಮ್ಮಲ್ಲಿ ಇಂಥ ಶೇಷವನ್ನು ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಇಲ್ಲದುದರಿಂದ ಇಲ್ಲಿ ತೆಗೆದ ಯಾವ ಸಾರವನ್ನೂ ಬಾಯಿಗೆ ಹಾಕಬಾರದೆಂದು ಬಾಟಲಿಯ ಮೇಲೆ ಬರೆದಿದ್ದೇನೆ.

ಮೆಣಸು ಕೊಟ್ಟ ತೋಟದವರು ತಮ್ಮ ಬೇರೆ ಬೇರೆ ಬಳ್ಳಿಗಳ ಕಾಳಿನಲ್ಲಿ ಪೈಪರಿನ್ ಎಷ್ಟಿದೆ ಎಂದು ಕೇಳಿದ್ದಾರೆ. ಆ ಕೆಲಸಕ್ಕೆ ನಾನು ಹೆಕ್ಸೇನ್‌ನ ತೊಳೆತವನ್ನಾಗಲಿ ಈಥೈಲ್ ಅಸಿಟೇಟನ್ನಾಗಲಿ ಬಳಸುವುದಿಲ್ಲ. ಅಲ್ಲಿ ಬೇಕಾದದ್ದು ಕಾಳಿನಲ್ಲಿರುವ ಪೈಪರಿನ್ ಒಂದಿಷ್ಟೂ ಉಳಿಯದೆ ಹೊರಬರುವುದು. ಜೊತೆಗೆ ಎಷ್ಟು ಕಸ ಬಂದರೂ ಎಚ್‌ಪಿಎಲ್‌ಸಿಯಲ್ಲಿ ಅದು ಬೇರೆಯಾಗುತ್ತದೆ. ಆದ್ದರಿಂದ ಈ ಹೋಲಿಕೆಯಲ್ಲಿ ಶುದ್ಧತೆಗೆ ಹಿಂದೆ ಬಿದ್ದ ಎಥೆನಾಲನ್ನೇ ಅದಕ್ಕೆ ತುಂಬಿಸಿಟ್ಟಿದ್ದೇನೆ.